ಬೆಳ್ಳಿನೀರು

ಬೆಳ್ಳಿನೀರಿನ ಒಂದು ಸೀಸೆಗೆ ಇಪ್ಪತ್ತೆರಡು ರೂಪಾಯಿ. ಗಾಜಿನ ಪಟ್ಟಿ ಒಂದಕ್ಕೆ ಎರಡಾಣೆ. ರೋಗ ಪರೀಕ್ಷೆಯ ಲ್ಯಾಬಿನಲ್ಲಿ ಅವನ್ನು ತೊಳೆಯುವ ನನಗೆ ದಿನಕ್ಕೆ ಒಂದೂವರೆ ರೂಪಾಯಿ.

"ಅಷ್ಟು ರೊಕ್ಕದ ನೀರು ನಿನ್ನ ಹೇಂತಿ ಉಗುಳಿಗೆ ಹಾಕಬೇಕೇನಲೇ, ದಾನ್ಯಾ? ಬೋಳೀಮಗನ, ಕ್ಷಯ ಅಂದ್ರ ಕ್ಷಯ," ಎಂದರು ಇನಾಮದಾರ ಡಾಕ್ಟರು.

"ಕೆಂಪು ಬಣ್ಣ ಹಾಕಿ ಮೂರು ಸಲ ನೋಡೀರಿ ಸಾಹೇಬ್ರ. ಕ್ಷಯದ ಹುಳ ಒಂದೂ ಸಿಕ್ಕಿಲ್ಲ. ಆಕಿ ಸೇಠನ ಗೋದಾಮಿನ್ಯಾಗ ಪಾರಿವಾಳದ ಹಿಕ್ಕಿ ಗುಡಸ್ತಿದ್ಲು. ಹಿಕ್ಕಿಯಾಗಿನ ಬೂಷ್ಟು ಎದಿಗೆ ಇಳೀತದ, ಬೆಳ್ಳಿನೀರು ಹಾಕಿದ್ರ ಅದು ಕರ್ರಗ ಕಾಣ್ತದ ಅಂತ ನೀವ ಅಂದಿದ್ರಿ."

"ಅದು ಓದಿದವ್ರಿಗೆ ಹೇಳಿದ್ದು. ನಡಿ, ಗಾಜು ತೊಳಿ."

ಕುರ್ಲಾದ ನಮ್ಮ ಚಾಳಿನಲ್ಲಿ ಕ್ಷಯವೆಂದು ತಿಳಿದ ದಿನವೇ ನನ್ನ ಹೆಂಡತಿ ರುದ್ರವ್ವನ ಕೊಡವನ್ನು ನಳದ ಸಾಲಿನಿಂದ ಆಚೆ ಇಟ್ಟಿದ್ದರು. ಎಲ್ಲರದೂ ತುಂಬಿದ ಮೇಲೆ ಅವಳು ಹೋಗಬೇಕು. ಅಷ್ಟರಲ್ಲಿ ನೀರು ನಿಂತಿರುತ್ತಿತ್ತು. ಇಡೀ ದಿನಕ್ಕೆ ಅವಳೊಡನೆ ಮಾತಾಡಲು ನಾನೊಬ್ಬ. ನಾನು ಮನೆ ಮುಟ್ಟುವ ಹೊತ್ತಿಗೆ ಅವಳಿಗೆ ಮಾತಾಡಲು ದಮ್ಮಿರುತ್ತಿರಲಿಲ್ಲ.

ಮರುದಿನ ಮಿಲ್ ಮಾಲೀಕರೊಬ್ಬರ ಶ್ವಾಸಕೋಶದ ಚೂರು ಪರೀಕ್ಷೆಗೆ ಬಂತು. ಇದ್ದದ್ದು ಅದೊಂದೇ ಚೂರು. ಡಾಕ್ಟರು ಪುಸ್ತಕ ನೋಡಿ ಹೇಳುತ್ತಿದ್ದರು, ಬಣ್ಣ ಹಾಕುವವನು ನಾನು. ಮಾಲೀಕರ ಗಾಜಿನ ಪಕ್ಕದಲ್ಲೇ ರುದ್ರವ್ವನ ಕಫ ಬಳಿದ ಗಾಜನ್ನೂ ಬೆಳ್ಳಿನೀರಿಗೆ ಇಳಿಸಿದೆ. ಅದಕ್ಕೆ ಮರದ ಚಿಮಟವೇ ಬೇಕು. ಲೋಹ ಸೋಕಿದರೆ ನೀರೆಲ್ಲ ಕೆಡುತ್ತದೆ.

ರುದ್ರವ್ವನದು ಮೊದಲು ಕಂದು ಬಣ್ಣಕ್ಕೆ ತಿರುಗಿತು. ತೆಗೆದು, ತೊಳೆದು, ಹಸಿರು ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಡಾಕ್ಟರು ಬಗ್ಗಿ ನೋಡಿದರು. ಹಸಿರಿನ ನಡುವೆ ಸಾಸಿವೆಯಂಥ ಕರಿ ಕಾಳುಗಳು.

"ಯಾರದಿದು?"

"ರುದ್ರವ್ವಂದು."

ಅವರ ಮುಖ ಕೆಂಪಾಯಿತು. ಕಿಸೆಯಿಂದ ಸ್ಟೀಲಿನ ಚಿಮಟ ತೆಗೆದು ಮಾಲೀಕರ ಗಾಜನ್ನು ಎತ್ತಿ ನೋಡಿ, ಮತ್ತೆ ಮುಳುಗಿಸಿದರು.

"ಸಾಹೇಬ್ರ, ಸ್ಟೀಲು..."

"ಬಾಯಿ ಮುಚ್ಚು."

ಸ್ವಲ್ಪ ಹೊತ್ತಿಗೆ ಮಾಲೀಕರ ಗಾಜು ಹಂಚಿನ ತಳದಷ್ಟು ಕಪ್ಪಾಯಿತು.

ಡಾಕ್ಟರು ಬಾಗಿಲು ಹಾಕಿದರು. "ದಾನಪ್ಪಾ, ನಿನ್ನ ಕೈಲೆ ಕೆಟ್ಟಿತು ಅಂತ ಹೇಳೋ. ಅವರು ನನ್ನ ಬಿಡಂಗಿಲ್ಲ."

ಆರು ವರ್ಷದಲ್ಲಿ ನನ್ನ ಪೂರ್ತಿ ಹೆಸರು ಅವರ ಬಾಯಲ್ಲಿ ಬಂದದ್ದು ಅಂದೇ.

"ಹೇಳ್ತೀನ್ರಿ. ಮೊದಲ ರುದ್ರವ್ವನ ಹೆಸರಿಲೆ ರಿಪೋರ್ಟ್ ಬರೀರಿ. ಕಂಡದ್ದು ಬರೀರಿ. ಎಲ್ಲಿ ಹತ್ತಿತು ಅನ್ನೂದೂ ಬರೀರಿ."

ಅವರು ಬರೆದು ಸಹಿ ಹಾಕುವವರೆಗೆ ನಾನು ಅವರ ಸ್ಟೂಲಿನ ಮೇಲೆ ಕೂತಿದ್ದೆ.

ಸಂಜೆಗೆ ಕೆಲಸ ಹೋಯಿತು. ರಿಪೋರ್ಟಿನ ಕಾಗದವನ್ನು ಚಾಳಿನ ನಳದ ಮೇಲಿನ ಗೋಡೆಗೆ ಅಂಟಿಸಿದೆ. ಚಾಳಿನಲ್ಲಿ ಓದಬಲ್ಲ ಸೀನ ಎಲ್ಲರಿಗೂ ಓದಿ ಹೇಳಿದ: ಕ್ಷಯವಲ್ಲ, ಗೋದಾಮಿನ ಹಿಕ್ಕಿಯಿಂದ ಹತ್ತಿದ ಬೂಷ್ಟು, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದೇ ಗೋದಾಮಿಗೆ ಹೋಗುತ್ತಿದ್ದ ಶರಣವ್ವ ಮರುದಿನ ಪೊರಕೆ ಹಿಡಿಯಲಿಲ್ಲ. ರುದ್ರವ್ವನ ಕೊಡ ಸಾಲಿಗೆ ಬಂತು.

ಆ ಬೂಷ್ಟಿಗೆ ಮದ್ದು ಮುಂಬಯಿಯಲ್ಲಿ ಎಲ್ಲೂ ಸಿಗಲಿಲ್ಲ. ಹನ್ನೆರಡು ದಿನ ಅವಳು ಸಾಲಿನಲ್ಲಿ ಕೂತು, ಹೆಂಗಸರೊಡನೆ ಮಾತಾಡಿ, ನೀರು ತುಂಬಿದಳು. ಹದಿಮೂರನೆಯ ದಿನ ಆ ಕೊಡ ಹಿಡಿದು ನಾನು ನಿಂತೆ.

ಕೆಲಸ ಹೋಯಿತು, ರುದ್ರವ್ವ ಹೋದಳು. ಸಿಕ್ಕಿದ್ದು ಸಾಲಿನಲ್ಲಿ ಹನ್ನೆರಡು ದಿನ.