ನುಚ್ಚಿನ ಇನ್ನೊಂದು ಹೆಸರು

ನಿಜಾಮನ ರಜಾಕಾರರ ಗದ್ದಲ ಅಡಗುತ್ತ ಬಂದು, ಶಹಾಪುರದ ಬೆಟ್ಟದ ಮೇಲೆ ಮತ್ತೆ ಮೊದಲಿನ ಹಾಗೆ ಮಂಜು ಮಲಗತೊಡಗಿದ ದಿನಗಳು. ಕುರಿ ಹೊಡೆದುಕೊಂಡು ಹೋಗಿದ್ದ ದೇವಿಂದ್ರಪ್ಪನಿಗೆ ಯಾದಗಿರಿ ಸಮೀಪ, ಭೀಮಾ ದಂಡೆಯ ಜಾಲಿ ನೆರಳಲ್ಲಿ ಎರಡು ವರ್ಷದ ಒಂದು ಹೆಣ್ಣುಕೂಸು ಸಿಕ್ಕಿತು. ಓಡಿಹೋಗುವ ಜನರ ಕೈಯಿಂದ ತಪ್ಪಿದ್ದು. ಕಂಡವರನ್ನೆಲ್ಲ ಕೇಳಿದ, ಯಾರೂ ನಮ್ಮದು ಅನ್ನಲಿಲ್ಲ. ಕಂಬಳಿಯಲ್ಲಿ ಸುತ್ತಿ ತಂದು ಹೆಂಡತಿ ಅನ್ನಮ್ಮನ ಉಡಿಗೆ ಹಾಕಿದ.

ಅನ್ನಮ್ಮನಿಗೆ ಮಕ್ಕಳಿರಲಿಲ್ಲ. ಕೂಸಿಗೆ ಗೊಲ್ಲಾಳಮ್ಮ ಅಂತ ಹೆಸರಿಟ್ಟಳು. ಅದು ಅಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಕುರಿಮರಿಗಳ ನಡುವೆ ಕೂತು, ನೀರಿನೊಳಗಿಂದ ನೋಡುವವರ ಹಾಗೆ ಎಲ್ಲರನ್ನೂ ನೋಡುತ್ತಿತ್ತು.

ಒಂದು ಮುಂಜಾನೆ ಅನ್ನಮ್ಮ ಜೋಳದ ನುಚ್ಚು ಕುದಿಸಿ, ಮಜ್ಜಿಗೆ ಸುರುವಿ ತಂದಳು. ಒಲೆಯ ಹೊಗೆಯಲ್ಲಿ ಬಿಸಿಲು ಕೋಲಾಗಿ ನಿಂತಿತ್ತು. ನಿದ್ದೆಗಣ್ಣಿನ ಕೂಸು ತಾಟು ನೋಡಿ, “ಗಟಕ” ಅಂದಿತು.

ಅನ್ನಮ್ಮನ ಜೀವ ಹಿಗ್ಗಿತು. ಮರುಗಳಿಗೆಯೇ ತಾಟು ಕೆಳಗಿಟ್ಟಳು. ಮದುವೆಯಾದ ಹೊಸದರಲ್ಲಿ ಕುರಿಯ ಹಿಂದೆ ಭೀಮೆಯಾಚೆಯ ಕೊಂಕಲ್ ಕಡೆ ಹೋದಾಗ, ಅಲ್ಲಿಯ ಹೆಂಗಸೊಬ್ಬಳು ಇದೇ ನುಚ್ಚನ್ನು “ಗಟಕ ತಿನ್ನವ್ವ” ಅಂತ ಬಡಿಸಿದ್ದಳು. ಇತ್ತ ಯಾರ ಬಾಯಲ್ಲೂ ಆ ಮಾತಿಲ್ಲ.

ನೆರೆಮನೆಯ ಯಂಕಮ್ಮ ಬಾಗಿಲಲ್ಲಿ ನಿಂತಿದ್ದಳು. “ಏ ಅನ್ನಕ್ಕಾ, ಕೂಸು ಬಾಯಿ ಬಿಟ್ಟಂಗಾತಲ್ಲ! ಏನಂತು?”

“ನುಚ್ಚು ಅಂತವ್ವ.”

“ಅಯ್ಯ, ಅವ್ವ ಅನ್ನೂಕಿಂತ ಮದ್ಲ ಉಣ್ಣೂದ ಕಲ್ತದ. ನಿನ್ನ ಕೂಸೇ ಬಿಡು!”

ಅಂದಿನಿಂದ ತುತ್ತಿಗೊಮ್ಮೆ ಅನ್ನಮ್ಮ, “ನುಚ್ಚು ಅನ್ನು, ನನ್ನ ಬಂಗಾರ” ಅನ್ನುವಳು. ಕೂಸು ಗಟಕ ಅಂದು, ಯಾರೋ ಬಡಿಸಲು ಬರುವರೆಂಬಂತೆ ಬಾಗಿಲ ಕಡೆ ತಿರುಗಿ ಕಾಯುವುದು. ಮಳೆ ಬಂತು, ಸಜ್ಜೆ ತೆನೆಯಾಯಿತು. ಒಂದು ದಿನ ಕೂಸು ತಾಟು ಚಾಚಿ, “ನುಚ್ಚು ಹಾಕವ್ವ” ಅಂದಿತು. ಬಾಗಿಲ ಕಡೆ ತಿರುಗಲಿಲ್ಲ.

ಇಷ್ಟು ದಿನ ಕಾದಿದ್ದ ಮಾತೇ. ಆದರೂ, ಯಾರದೋ ಮನೆಗೆ ಹೋಗುವ ಕಾಲುದಾರಿಯ ಮೇಲೆ ತಾನೇ ರಂಟೆ ಹೊಡೆದು ಅಳಿಸಿದ ಹಾಗಾಯಿತು ಅನ್ನಮ್ಮನಿಗೆ. ಗಂಡ ಬರುವವರೆಗೆ ತಡೆದು, “ಕೂಸು ಕೊಂಕಲ್ ಕಡೀದದರಿ,” ಅಂದಳು. “ನನಗ ಗೊತ್ತಾಗಿ ಭಾಳ ದಿನ ಆತು.”

ದೇವಿಂದ್ರಪ್ಪ ಬೈಯಲಿಲ್ಲ. “ಅಲ್ಲಿ ಯಾರೂ ಉಳದಿರದಿದ್ರ?”

“ಹೊಳ್ಳಿ ಕರ್ಕೊಂಡ ಬರೂಣು. ಉಳದು, ದಾರಿ ಕಾಯಾಕತ್ತಿದ್ರ?”

ಕುರಿಗಳೊಡನೆ ನಡೆದರು. ಧೂಳು ಎದ್ದು ಊರುಗಳು ಮರೆಯಾಗುತ್ತಿದ್ದವು, ಮತ್ತೆ ತೇಲುತ್ತಿದ್ದವು. ಕೊಂಕಲ್‌ನಲ್ಲಿ ವಿಚಾರಿಸಿದಾಗ ಜನ ಮಲ್ಲಾಬಾಯಿಯ ಮನೆ ತೋರಿಸಿದರು. ಹೊಳೆ ದಂಡೆಯಲ್ಲಿ ಮಗಳನ್ನು ಕಳೆದುಕೊಂಡವಳು.

ಕೂಸನ್ನು ಕಂಡದ್ದೇ ಮಲ್ಲಾಬಾಯಿ, “ನನ್ನ ಅಂಬೀ!” ಅಂದಳು. ಕೂಸು ಅನ್ನಮ್ಮನ ಸೀರೆಯ ಹಿಂದೆ ಅಡಗಿತು. ತಾಯಿಯ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಆ ಗಳಿಗೆ ಅನ್ನಮ್ಮ ಹೊರಳಿ ನಡೆದಿದ್ದರೆ ಕೂಸು ಅವಳ ಹಿಂದೆಯೇ ಬರುತ್ತಿತ್ತು. ಅವಳು ಅಂಗಳದಲ್ಲಿ ಕೂತುಬಿಟ್ಟಳು. “ಒಲಿ ಹಚ್ಚವ್ವ ತಂಗಿ. ಅದಕ್ಕ ಹಸಿವ್ಯಾಗೇದ. ನೀನ ಉಣಸು.”

ಉಂಡ ಕೂಸು ಮಲ್ಲಾಬಾಯಿಯ ತೊಡೆಯ ಮೇಲೆ ನಿದ್ದೆ ಹೋಯಿತು. ಕಾಲು ಮಾತ್ರ ಅನ್ನಮ್ಮನ ಮಡಿಲಲ್ಲಿತ್ತು. ಇಬ್ಬರೂ ಅಲುಗಾಡದೆ ಕೂತರು. ಮಲ್ಲಾಬಾಯಿ ಮೆಲ್ಲಗೆ ಅಂದಳು:

“ಯಕ್ಕಾ, ರಾತ್ರಿ ಕುರಿ ನಮ್ಮ ಹೊಲದಾಗ ತರುಬ್ರಿ. ನೆಲಕ್ಕ ಗೊಬ್ಬರ ಆಗ್ತದ. ವರ್ಷಾ ವರ್ಷಾ ಬರ್ರಿ.”

ಅನ್ನಮ್ಮ ಆ ಪುಟ್ಟ ಪಾದದ ಧೂಳು ಒರೆಸುತ್ತ ಕೇಳಿದಳು, “ಯಾವ ದಿಕ್ಕಿಗದವ್ವ ನಿಮ್ಮ ಹೊಲ?”