ಪೆಟ್ಟಿಗೆಯ ತಳದ ಬಿಳಿ ರವಿಕೆ

ಗುರುವಾರ ಬಂತೆಂದರೆ ಡೋರಿಕಳ ರವಿಕೆಗೆ ಕೆಂಡದ ಇಸ್ತ್ರಿ ಬೀಳಲೇಬೇಕು. ಬಿಳಿ ರವಿಕೆ, ಕರಿ ಲಂಗ, ಬಿಳಿ ತಲೆವಸ್ತ್ರ. ಮುಲಾಂಜೆ ಬೆಟ್ಟದ ಕೆಳಗಿನ ಆ ಕ್ರೈಸ್ತ ಸಭೆಯಲ್ಲಿ ಮಹಿಳಾ ಸಂಘದವರ ಸಮವಸ್ತ್ರ ಅದು. ಅದನ್ನುಟ್ಟು ಪ್ರಾರ್ಥನೆಗೆ ಹೋಗುತ್ತಾರೆ, ಸತ್ತರೆ ಅದರಲ್ಲೇ ಮಣ್ಣಿಗೂ ಹೋಗುತ್ತಾರೆ. ಇಪ್ಪತ್ತು ವರ್ಷದಿಂದ ಸಂಘದ ಅಧ್ಯಕ್ಷೆಯಾಗಿದ್ದ ಡೋರಿಕ ತನ್ನ ಸಾವಿಗೆಂದೇ ಒಂದು ಹೊಸ ಜೊತೆ ಹೊಲಿಸಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು.

ಪಾಠ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮನೆ ಬಿಟ್ಟುಹೋದ ಮಗ ತಿರುಗಿ ಬರುವ ಕಥೆ ಬಂದಾಗ ಲಂಗ ಮೊಣಕಾಲಿಗೆ ಎತ್ತಿಕೊಂಡು ಚರ್ಚಿನ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿದ್ದಳು. ಆ ತಂದೆ ಮಾನ ಮರ್ಯಾದೆ ಬಿಟ್ಟು ಹೀಗೇ ಓಡಿದ, ಮಗ ತಪ್ಪಾಯ್ತು ಎನ್ನುವ ಮೊದಲೇ ತಬ್ಬಿಕೊಂಡ, ಸುವಾರ್ತೆ ಅಂದರೆ ಇಷ್ಟೇ ಎನ್ನುತ್ತಿದ್ದಳು. ಹೆಂಗಸರು ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳ ಪುಟ್ಟ ಮಗಳು ತಿಯಾಂಜಾನೆ ಇನ್ನೊಮ್ಮೆ ಓಡಮ್ಮ ಎಂದು ಚಪ್ಪಾಳೆ ತಟ್ಟುತ್ತಿದ್ದಳು.

ದೀಪದ ಬುಡದಲ್ಲೇ ಕತ್ತಲು. ಅದೇ ತಿಯಾಂಜಾನೆ ದೊಡ್ಡವಳಾಗಿ, ಹೆಂಡತಿಯಿದ್ದವನಿಗೆ ಎರಡನೆಯವಳಾಗಿ ಕೆಳಗಿನ ಹಳ್ಳಿಗೆ ಹೋದಳು. ಸಭೆ ಅವಳನ್ನು ಹೊರಗಿಟ್ಟಿತು. ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ತಾಯಿಯ ಕೈ. ಎಂಥ ನ್ಯಾಯವಂತೆ ಎಂದು ಊರು ಹೊಗಳಿತು, ಅದು ಅವಳಿಗೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

ಹೊರಗಾದವರು ಪ್ರಭುಭೋಜನದ ಭಾನುವಾರ ಎಲ್ಲರೆದುರು ಮಂಡಿಯೂರಿ ತಪ್ಪೊಪ್ಪಿಕೊಂಡರೆ ಮಾತ್ರ ಮತ್ತೆ ಒಳಗೆ. ಅದು ಬರುವುದು ಮೂರು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಸಂಘದವಳು ಅವರ ಹೊಸ್ತಿಲು ತುಳಿದರೆ ಸಮವಸ್ತ್ರ ಕಳಚಿಟ್ಟು ಸಂಘವನ್ನೇ ಬಿಡಬೇಕು. ಆ ನಿಯಮ ಮಾಡಿಸಿದವಳೂ ಡೋರಿಕಳೇ.

ಮಗಳು ಹಾಸಿಗೆ ಹಿಡಿದಳೆಂದು ಸುದ್ದಿ ಬಂದಾಗ ಪ್ರಭುಭೋಜನಕ್ಕೆ ಐದು ವಾರ ಉಳಿದಿತ್ತು. ಡೋರಿಕ ಹೋಗಲಿಲ್ಲ. ಸಂಘಕ್ಕೆ ಸೇರದ ನೆರೆಯವಳು ಎನೆಲೆಸಿಯ ಕೈಯಲ್ಲಿ ಗಂಜಿಗೆಂದು ಮೆಕ್ಕೆಜೋಳದ ಹಿಟ್ಟು ಕಳಿಸಿದಳು. ಚೇತರಿಸಿಕೊಂಡು ಬಂದು ಮಂಡಿಯೂರಲಿ, ಆಮೇಲೆ ನಾನೇ ಎದೆಗಪ್ಪಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದಳು. ದಾರಿ ಇದ್ದದ್ದು ಅರ್ಧ ಗಂಟೆಯದು.

ಮೂರನೆಯ ವಾರ ಎನೆಲೆಸಿ ಬಂದು ಅಂಗಳದಲ್ಲೇ ಕುಸಿದು ಕೂತಳು. ಬೆಳಿಗ್ಗೆ ಪ್ರಾಣ ಹೋಯಿತಂತೆ.

"ಏನಾದ್ರೂ ಹೇಳಿದ್ಲಾ?" ಡೋರಿಕ ಕೇಳಿದಳು.

"ಹಾಸಿಗೇನ ಬಾಗಿಲಿಗೆ ಎಳೆಸ್ಕೊಂಡಿದ್ಲು ಅಕ್ಕ. ದಾರಿ ಕಾಣ್ಬೇಕಂತೆ. ನಮ್ಮಮ್ಮ ಓಡೋದು ನೀವು ನೋಡಿಲ್ಲ, ಲಂಗ ಎತ್ಕೊಂಡು ಓಡ್ತಾಳೆ ಅಂತ ಆ ಮನೆಯವ್ರಿಗೆಲ್ಲ ಹೇಳ್ತಿದ್ಲು."

ಡೋರಿಕ ಒಳಗೆ ಹೋಗಿ ಪೆಟ್ಟಿಗೆಯ ತಳದ ಗಂಟು ತೆಗೆದಳು. ಆಮೇಲೆ ಅರವತ್ತು ದಾಟಿದ ಆ ಹೆಂಗಸು ಲಂಗ ಎತ್ತಿಕೊಂಡು ಚಹಾ ತೋಟದ ನಡುವಿನ ಕೆಮ್ಮಣ್ಣಿನ ದಾರಿಯಲ್ಲಿ ಓಡಿದಳು. ಎಲೆ ಕೀಳುತ್ತಿದ್ದವರು ಬುಟ್ಟಿ ಇಳಿಸಿ ನೋಡಿದರು. ಯಾರೂ ನಗಲಿಲ್ಲ.

ಹೊರಗಾದವಳ ಸಾವಿಗೆ ಚರ್ಚಿನ ಗಂಟೆ ಬಾರಿಸುವುದಿಲ್ಲ, ಪಾದ್ರಿ ಬರುವುದಿಲ್ಲ, ಸಂಘದವರು ಹಾಡುವುದಿಲ್ಲ. ಸಭೆಯ ಹಿರಿಯನೊಬ್ಬ ಮಾತ್ರ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದ. ಮಗಳ ಮೈ ತೊಳೆದು ಹೊಸ ಸಮವಸ್ತ್ರದ ಗಂಟು ಬಿಚ್ಚಿದ ಡೋರಿಕಳನ್ನು ನೋಡಿ ಬಾಗಿಲಿಗೆ ಬಂದ.

"ಅಮ್ಮ, ಅದು ಅವ್ಳಿಗೆ ಹಾಕೋ ಹಾಗಿಲ್ಲ. ನಿಮಗೇ ಗೊತ್ತಲ್ಲ."

"ಗೊತ್ತಪ್ಪ. ಮುಂದಿನ ಸಭೇಲಿ ನನ್ನ ವಿಷ್ಯ ತಗೊಳ್ಳಿ. ಕೈ ನಾನೇ ಮೊದ್ಲು ಎತ್ತೀನಿ."

ಅವನು ತಲೆ ತಗ್ಗಿಸಿ ಹಿಂದೆ ಸರಿದ. ಹೊರಗೆ ಎನೆಲೆಸಿ ಒಬ್ಬಳೇ, ಒಡೆದ ದನಿಯಲ್ಲಿ, ಸಂಘದವರ ಹಾಡು ಎತ್ತಿಕೊಂಡಳು.

ರವಿಕೆ ತಾಯಿಯ ಅಳತೆಯದು, ಸೊರಗಿದ ಮೈಗೆ ದೊಗಳೆಯಾಯಿತು. ಡೋರಿಕ ಬೆನ್ನ ಹಿಂದೆ ಮಡಿಚಿ ಪಿನ್ನು ಹಾಕಿದಳು. ತಲೆವಸ್ತ್ರ ಕಟ್ಟಿ, ಮಗಳ ಕಿವಿಯ ಬಳಿ ಬಗ್ಗಿದಳು. ಏದುಸಿರು ಇನ್ನೂ ಇಳಿದಿರಲಿಲ್ಲ.

"ಓಡ್ಕೊಂಡೇ ಬಂದೆ ಕಣೇ," ಎಂದಳು. "ನೀನೇ ನೋಡ್ಲಿಲ್ಲ."