ಮಂಡಿ ಒಪ್ಪಲಿಲ್ಲ

ಬಟ್ಟೆ ಕಾರ್ಖಾನೆಯ ಕೊನೆಯ ಕೋಣೆಯಲ್ಲಿ ನಾವು ಮೂವತ್ತು ಹೆಂಗಸರು. ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವುದು ನಮ್ಮ ಕೆಲಸ. ಎಲ್ಲರಿಗಿಂತ ಹಿರಿಯಳು ನಾನು. ನಾನು ಹೊಸ ಕಟ್ಟು ಬಿಚ್ಚುವವರೆಗೆ ಯಾರೂ ಬಿಚ್ಚುವುದಿಲ್ಲ. ನಾನು ನೀರಿಗೆ ಎದ್ದರೆ ಎಲ್ಲರಿಗೂ ಬಾಯಾರುತ್ತದೆ. ಯಾರೂ ಮಾಡಿದ ನಿಯಮವಲ್ಲ, ಹದಿನೆಂಟು ವರ್ಷದ ರೂಢಿ.

ಮ್ಯಾನೇಜರ್ ಇದನ್ನು ಗಮನಿಸಿದ್ದರು. ಒಂದು ದಿನ ತಮ್ಮ ಕೋಣೆಗೆ ಕರೆದು, ಕೂರಿಸಿ, ಚಹಾ ತರಿಸಿದರು. ನಿಂತು ಕೆಲಸ ಮಾಡಿದರೆ ಬೆನ್ನು ನೆಟ್ಟಗಿರುತ್ತದೆ, ರಕ್ತ ಚೆನ್ನಾಗಿ ಓಡಾಡುತ್ತದೆ, ಆಯಸ್ಸು ಹೆಚ್ಚುತ್ತದೆ ಎಂದು ಚಿತ್ರ ತೋರಿಸಿ ವಿವರಿಸಿದರು. ಅದಷ್ಟನ್ನೂ ಮೆತ್ತನೆಯ ಕುರ್ಚಿಗೆ ಒರಗಿಕೊಂಡೇ ಹೇಳಿದರೆಂಬುದು ನನಗೆ ಆಗ ಹೊಳೆಯಲಿಲ್ಲ.

"ನಾನು ಹೇಳಿದ್ರೆ ಹುಕುಂ ಅಂತಾರಮ್ಮ. ನೀವು ಹೇಳಿದ್ರೆ ನಂಬ್ತಾರೆ," ಎಂದರು.

ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಕಿಟಕಿ ಮುಚ್ಚಿ ಎಂದರೂ ಯಾರೂ ಕದಲುವುದಿಲ್ಲ. ಇಲ್ಲಿ ಇಷ್ಟು ದೊಡ್ಡ ಮನುಷ್ಯ ನನ್ನ ಬಾಯಿ ನೋಡುತ್ತ ಕೂತಿದ್ದರು. ಉಬ್ಬಿಹೋದೆ.

ಮರುದಿನ ಬೆನ್ನು, ರಕ್ತ, ಆಯಸ್ಸು ಎಲ್ಲವನ್ನೂ ನನ್ನ ಸ್ವಂತ ಅನುಭವವೆಂಬಂತೆ ಹೇಳಿ ಎದ್ದು ನಿಂತೆ. ಇಪ್ಪತ್ತೊಂಬತ್ತು ಮಂದಿಯೂ ಎದ್ದರು. ಸಂಜೆಯೊಳಗೆ ಕುರ್ಚಿಗಳು ಗೋದಾಮು ಸೇರಿದವು.

ಪಕ್ಕದಲ್ಲೇ ಕೆಲಸ ಮಾಡುವ ನನ್ನ ನಾದಿನಿ ಮಾತ್ರ, "ಅತ್ತಿಗೆ, ಹೆಚ್ಚಿದ ಆಯಸ್ಸನ್ನೂ ನಿಂತೇ ಕಳೀಬೇಕಾ?" ಎಂದು ಕೇಳಿದಳು. ಅವಳಿಗೆ ತಿಳಿವಳಿಕೆ ಸಾಲದು ಎಂದುಕೊಂಡೆ.

ವಾರದೊಳಗೆ ನನ್ನ ಮಂಡಿಗಳು ಊದಿಕೊಂಡವು. ಯಾರೊಂದಿಗೆ ಹೇಳಿಕೊಳ್ಳಲಿ? ನಾನೇ ಹೊಗಳಿದ ಆರೋಗ್ಯ ಅದು. ಹಲ್ಲು ಕಚ್ಚಿ ನಿಂತೆ. ಒಂಬತ್ತನೆಯ ದಿನ ಎಡಮಂಡಿ ಕೈಕೊಟ್ಟಿತು. ಮೇಜು ಹಿಡಿದುಕೊಂಡೇ ನೆಲಕ್ಕೆ ಕುಸಿದೆ.

ಕತ್ತರಿಗಳ ಸದ್ದು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ನೆಲದ ಮೇಲೆ ಕೂತರು. ಅಕ್ಕ ಮೊದಲಿಂದಲೂ ಇದನ್ನೇ ಯೋಚಿಸಿಕೊಂಡಿದ್ದರು ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಮ್ಯಾನೇಜರ್ ಓಡಿಬಂದರು. "ಏನಮ್ಮ ಇದು, ಮುಷ್ಕರಾನಾ?"

ನಾದಿನಿ ನನ್ನ ಕಿವಿಗೆ ಬಾಗಿದಳು. "ಮಂಡಿ ಗಿಂಡಿ ಅಂತ ಬಾಯಿಬಿಟ್ರೆ ನೋಡಿ, ಅತ್ತಿಗೆ."

"ಕುರ್ಚಿ ತರಿಸಿ, ಸಾರ್," ಎಂದೆ.

ಮೊದಲು ಎದ್ದೇಳಿ, ಆಮೇಲೆ ಮಾತಾಡೋಣ ಎಂದರು. ಅವರ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಏಳಲು ನಿಜವಾಗಿಯೂ ಪ್ರಯತ್ನಿಸಿದೆ, ಮಂಡಿ ಒಪ್ಪಲಿಲ್ಲ. ನಾನು ಏಳಲಿಲ್ಲವೆಂದು ಯಾರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋದಾಮಿನ ಬಾಗಿಲು ತೆರೆಯಿತು.

ಮೊದಲ ಕುರ್ಚಿ ಬಂದಾಗ ನಾದಿನಿ ಮತ್ತೊಬ್ಬಳನ್ನು ಕರೆದು, ಇಬ್ಬರೂ ಸೇರಿ ನನ್ನನ್ನು ಎತ್ತಿ ಕೂರಿಸಿದರು. ನಡೆಯಲಾರದವಳನ್ನು ಎತ್ತಿದ್ದು ಅವರು. ಉಳಿದವರು ಅದನ್ನು ಸನ್ಮಾನವೆಂದುಕೊಂಡು ಚಪ್ಪಾಳೆ ತಟ್ಟಿದರು.